ಹನ್ನೊಂದು ಕಿಲೋ ನಾನೂರು ಗ್ರಾಂ

ತೊಂಬತ್ತರ ದಶಕದ ಒಂದು ಏಪ್ರಿಲ್ ತಿಂಗಳು. ಶುಕ್ರವಾರ ಬೆಳಗಿನ ಐದು ಗಂಟೆಗೆ ನಾನೂ ನನ್ನ ಮಗಳು ಸುಮಾಳೂ ಕೇರಳದ ಅಂಬಲಮುಗಳಿನ ಕಾರ್ಖಾನೆ ಕ್ವಾರ್ಟರ್ಸಿನಿಂದ ಎರಡು ಸೈಕಲ್‌ಗಳ ಮೇಲೆ ತಿರುವನಂತಪುರಕ್ಕೆ ಹೊರಟೆವು. ದಾರಿ ಸುಮಾರು ಇನ್ನೂರಮೂವತ್ತು ಕಿಲೋಮೀಟರ್. ಮೂರು ಹಗಲು, ಎರಡು ರಾತ್ರಿ. ಲಾಡ್ಜಿಲ್ಲ, ನೆಂಟರ ಮನೆಯಿಲ್ಲ, ಬಯಲಲ್ಲೇ ಟೆಂಟು ಹಾಕಿ ಮಲಗುವುದು ಎಂದು ನಾನೇ ತೀರ್ಮಾನ ಮಾಡಿದ್ದೆ. ಸೋಮವಾರ ಬೆಳಿಗ್ಗೆ ತಿರುವನಂತಪುರದಲ್ಲಿ ಸುಮಾಳಿಗೆ ಕ್ರೀಡಾ ಹಾಸ್ಟೆಲಿನ ಸೈಕ್ಲಿಂಗ್ ಆಯ್ಕೆಯ ಟ್ರಯಲ್ ಇತ್ತು. ಹುಡುಗಿಯರಿಗೆ ಎರಡೇ ಸೀಟು. ಅವಳಿಗೆ ಹದಿನಾರು ತುಂಬಿತ್ತು, ಈ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಜಿಲ್ಲೆಯಲ್ಲಿ ಅವಳನ್ನು ಹಿಂದೆ ಹಾಕುವವರು ಯಾರೂ ಇರಲಿಲ್ಲ.

"ರೈಲಲ್ಲಿ ಕರ್ಕೊಂಡು ಹೋಗ್ರೀ. ನಾಲ್ಕೂವರೆ ಗಂಟೆ ದಾರಿಗೆ ಮೂರು ದಿನ ಯಾಕೆ?" ಎಂದು ನನ್ನ ಹೆಂಡತಿ ಪದ್ಮಾ ಹೊರಡುವ ಹಿಂದಿನ ದಿನದವರೆಗೂ ಹೇಳುತ್ತಲೇ ಇದ್ದಳು. ಸುಮಾಳ ಸ್ಕೂಲಿನ ಪಿ.ಟಿ. ಟೀಚರೂ ಅದನ್ನೇ ಹೇಳಿದ್ದರು. ಟ್ರಯಲ್ ವಾರದಲ್ಲಿ ಭಾರ ಎಳೆಯಬಾರದು, ಕಾಲು ಹಗುರಾಗಿರಬೇಕು ಅಂತ. "ಭಾರವೇ ಇರೋದಿಲ್ಲ ನೋಡಿ" ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ನನಗೆ ಬೇಕಾಗಿದ್ದದ್ದು ಬೇರೆ. ಸುಮಾ ಆಯ್ಕೆಯಾದರೆ ಹಾಸ್ಟೆಲಿಗೆ ಹೋಗುತ್ತಾಳೆ, ಆಮೇಲೆ ಅವಳು ಪೂರ್ತಿ ಈ ನಾಡಿನವಳೇ. ನಾವು ಮೈಸೂರು ಬಿಟ್ಟು ಇಲ್ಲಿಗೆ ಬಂದಾಗ ಅವಳಿಗೆ ಐದು ವರ್ಷ. ಈಗ ನಾನು "ಊಟ ಆಯ್ತೇನಮ್ಮಾ?" ಎಂದರೆ "ಕಳಿಚ್ಚು" ಎನ್ನುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ, ದಿನಾ, ಹನ್ನೊಂದು ವರ್ಷ. ನನಗೆ ಅದು ನುಂಗಲಾರದ ತುತ್ತಾಗಿತ್ತು. ಮೂರು ದಿನ ಅವಳು ನನ್ನೊಬ್ಬನ ಜೊತೆ ಇರಲಿ, ಕನ್ನಡದಲ್ಲಿ ಮಾತಾಡಲಿ ಎಂಬ ಆಸೆ.

ಅದಕ್ಕಾಗಿ ಎರಡು ತಿಂಗಳಿಂದ ಸಾಮಾನು ಕೂಡಿಸಿದ್ದೆ. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನವರು ಮಾರಿ ಹೋದ ಸಾಮಾನಿನ ಒಂದು ಅಂಗಡಿಯಿತ್ತು. ದೋಣಿಯಲ್ಲಿ ದಾಟಿ ಅಲ್ಲಿಗೆ ಐದಾರು ಸಲ ಹೋಗಿರಬಹುದು. ಒಂದು ಶನಿವಾರ ನೈಲಾನಿನ ಟೆಂಟು ಸಿಕ್ಕಿತು. ಇಬ್ಬರು ಮಲಗಬಹುದು, ಮಡಚಿದರೆ ಕಂಕುಳಲ್ಲಿ ಸಿಕ್ಕಿಸಿಕೊಳ್ಳಬಹುದು. ಅಲ್ಯೂಮಿನಿಯಂ ಕೋಲುಗಳು, ಪೆನ್ಸಿಲಿನಷ್ಟು ತೆಳ್ಳಗಿನ ಗೂಟಗಳು. ಇನ್ನೊಂದು ಸಲ ಅಂಗೈಯಗಲದ ಗ್ಯಾಸ್ ಸ್ಟೌ, ಮತ್ತೊಂದು ಸಲ ಎರಡು ಸ್ಲೀಪಿಂಗ್ ಬ್ಯಾಗು. ಏಪ್ರಿಲಿನ ಕೇರಳದಲ್ಲಿ ಸ್ಲೀಪಿಂಗ್ ಬ್ಯಾಗು ಯಾರಿಗೆ ಬೇಕು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹಗುರ ಎಂದರೆ ಸಾಕು, ಕೊಂಡುಬಿಡುತ್ತಿದ್ದೆ. ಸೈಕಲ್ಲಿಗೆ ಕಟ್ಟುವ ಚೀಲಗಳನ್ನು ಲಾರಿಗಳ ಟಾರ್ಪಾಲಿನ್ ಹೊಲಿಯುವವನ ಹತ್ತಿರ ರೇನ್‌ಕೋಟಿನ ಬಟ್ಟೆ ಕೊಟ್ಟು ಹೊಲಿಸಿದೆ. ಟೆಂಟು ಬಂದ ದಿನ ಸುಮಾ ಅದನ್ನು ಮನೆಯ ಹಾಲಿನಲ್ಲೇ ನಿಲ್ಲಿಸಿ ಒಂದು ವಾರ ಅದರೊಳಗೇ ಮಲಗಿದಳು. ಅವಳನ್ನು ಈ ಪ್ರಯಾಣಕ್ಕೆ ಒಪ್ಪಿಸಿದ್ದು ನಾನಲ್ಲ, ಆ ಟೆಂಟು.

ನಾನು ಕೆಲಸ ಮಾಡುತ್ತಿದ್ದದ್ದು ಒಂದು ಕಾರ್ಖಾನೆಯ ಲ್ಯಾಬಿನಲ್ಲಿ. ದಿನವಿಡೀ ಗ್ರಾಂಗಳ ಲೆಕ್ಕ. ಒಂದೊಂದೇ ಸಾಮಾನನ್ನು ಲ್ಯಾಬಿಗೆ ಒಯ್ದು ತೂಗಿ ಬರೆದಿಟ್ಟೆ. ಟೆಂಟು ಒಂದು ಕಿಲೋ ಒಂಬೈನೂರು. ಟೂತ್‌ಬ್ರಶ್ಶಿನ ಹಿಡಿ ಕತ್ತರಿಸಿದೆ. ಚಮಚದ ಹಿಡಿಗೆ ತೂತು ಕೊರೆದೆ. ಮೂರು ಸೆಲ್ಲಿನ ಟಾರ್ಚು ತೂಗಿ ನೋಡಿ ಬೆಚ್ಚಿಬಿದ್ದು ಅದನ್ನು ಮನೆಯಲ್ಲೇ ಬಿಟ್ಟು, ಜೇಬಿಗೆ ಸಿಕ್ಕಿಸುವ ಪೆನ್ ಟಾರ್ಚು ಇಟ್ಟುಕೊಂಡೆ. ಕೊನೆಗೆ ಇಬ್ಬರದೂ ಸೇರಿ ಹನ್ನೊಂದು ಕಿಲೋ ನಾನೂರು ಗ್ರಾಂ ಆಯಿತು. ಸಹೋದ್ಯೋಗಿಗಳಿಗೆಲ್ಲ ಈ ಅಂಕಿಯನ್ನು ಹೇಳಿಕೊಂಡು ತಿರುಗಿದೆ. ಸುಮಾಳ ಸೈಕಲ್ ರೇಸಿನದು, ತೆಳ್ಳಗಿನದು. ಅದರ ಮೇಲೆ ಎರಡೂವರೆ ಕಿಲೋ ಮಾತ್ರ, ಉಳಿದದ್ದೆಲ್ಲ ನನ್ನ ಹಳೆಯ ಸೈಕಲ್ಲಿಗೆ ಎಂದು ಟೀಚರಿಗೆ ಮಾತು ಕೊಟ್ಟಿದ್ದೆ.

ಹೊರಡುವಾಗ ಗೇಟಿನ ಹತ್ತಿರ ಒಂದು ನಿಯಮ ಮಾಡಿದೆ. ತಮಾಷೆಗೇ ಮಾಡಿದ್ದು. "ನೋಡು ಪುಟ್ಟಿ, ಮೂರು ದಿನ ಕನ್ನಡ ಮಾತ್ರ. ನನ್ನ ಹತ್ತಿರ ನೀನು ಮಲಯಾಳಂನಲ್ಲಿ ಮಾತಾಡಿದಾಗೆಲ್ಲ ನನ್ನ ಚೀಲದಿಂದ ಒಂದೊಂದು ಸಾಮಾನು ನಿನ್ನ ಚೀಲಕ್ಕೆ."

"ಶರಿ" ಎಂದಳು ಸುಮಾ.

"ಸರಿ ಅನ್ನು. ತಗೋ, ಸ್ಟೌ ನಿಂದು" ಎಂದು ಅಲ್ಲೇ ಸ್ಟೌ ಅವಳ ಚೀಲಕ್ಕೆ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಪದ್ಮಾ ನಗಲಿಲ್ಲ. ಸುಮಾ ನಕ್ಕಳು.

ಮೊದಲ ದಿನ ಚೆನ್ನಾಗಿಯೇ ಹೋಯಿತು. ತ್ರಿಪ್ಪೂಣಿತ್ತುರ ದಾಟಿ ಅರೂರಿನ ಸೇತುವೆಯ ಮೇಲೆ ಬರುವಾಗ ಬೆಳಕು ಹರಿದಿತ್ತು. ಹೆದ್ದಾರಿಯಲ್ಲಿ ಮೀನಿನ ಲಾರಿಗಳು ನೀರು ಸುರಿಸುತ್ತ ಹೋಗುತ್ತಿದ್ದವು, ಅದರ ನಾತಕ್ಕೆ ಮೂಗು ಮುಚ್ಚಿಕೊಳ್ಳಲೂ ಕೈ ಬಿಡುವಂತಿರಲಿಲ್ಲ. ಚೇರ್ತಲದಲ್ಲಿ ಪುಟ್ಟು, ಕಡಲೆ ಸಾರು ತಿಂದೆವು. ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿ ಸುಟ್ಟಿತು. ಒಂದು ಚಹಾದಂಗಡಿಯ ಬೆಂಚಿನ ಮೇಲೆ ಮೂರು ತಾಸು ಬಿದ್ದುಕೊಂಡೆವು.

ಅಲ್ಲಿ ನಾನು ನನ್ನ ವಿದ್ಯೆ ಬಿಚ್ಚಿದೆ. ನನ್ನ ಮಲಯಾಳಂ ಮಾರ್ಕೆಟ್ಟಿನ ಮಲಯಾಳಂ, ಆಫೀಸಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೂ ನನ್ನದೊಂದು ಸೂತ್ರವಿತ್ತು. "ಇದೇನು ದೊಡ್ಡ ಭಾಷೆ ಅಲ್ಲ ಕಣೆ. ವಕಾರ ತೆಗೆದು ಬಕಾರ ಹಾಕು, ಕನ್ನಡ ಆಗತ್ತೆ. ವಿರಲ್ ಅಂದ್ರೆ ಬೆರಳು. ವೇರ್ ಅಂದ್ರೆ ಬೇರು. ವಲ ಅಂದ್ರೆ ಬಲೆ. ವಾ ಅಂದ್ರೆ ಬಾ."

ಸುಮಾ ಟೀ ಲೋಟ ಕೆಳಗಿಟ್ಟು, ತಡವರಿಸುತ್ತ ಕನ್ನಡದಲ್ಲೇ ಕೇಳಿದಳು: "ಹಾಗಾದ್ರೆ ಅಪ್ಪಾ, ವೆಳ್ಳಂ ಅಂದ್ರೆ ಬೆಲ್ಲಾನಾ?"

ವೆಳ್ಳಂ ಎಂದರೆ ನೀರು. ಅಂಗಡಿಯವನೂ ನಕ್ಕ. "ತಲೆಹರಟೆ" ಎಂದು ನಾನು ಅವಳ ತಲೆಗೆ ಮೊಟಕಿದೆ. ಕನ್ನಡದಲ್ಲಿ ಹೇಳಿದ್ದರಿಂದ ಶಿಕ್ಷೆಯಿರಲಿಲ್ಲ.

ಆ ರಾತ್ರಿ ಆಲಪ್ಪುಳ ದಾಟಿ, ಒಬ್ಬ ಅಜ್ಜಿಯನ್ನು ಕೇಳಿ ಅವರ ತೆಂಗಿನ ತೋಪಿನಲ್ಲಿ ಟೆಂಟು ಹಾಕಿದೆವು. ಆರು ನಿಮಿಷಕ್ಕೆ ನಿಂತಿತು. ಕಾಯಿ ಬೀಳುವ ಮರದ ಕೆಳಗೆ ಹಾಕಬೇಡಿ ಎಂದು ಅಜ್ಜಿ ಜಾಗ ತೋರಿಸಿದರು. ಸ್ಟೌ ಮೇಲೆ ಅನ್ನ ಬೇಯಿಸಿ, ಪದ್ಮಾ ಕಟ್ಟಿಕೊಟ್ಟ ಪುಳಿಯೋಗರೆ ಗೊಜ್ಜು ಕಲಸಿ ತಿಂದೆವು. ಸುಮಾ ಅವತ್ತು ತುಂಬ ಮಾತಾಡಿದಳು. ತಪ್ಪು ತಪ್ಪು ಕನ್ನಡ, ಆದರೆ ಕನ್ನಡ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಮೊಟ್ಟೆ ಕೊಡುತ್ತಾರಂತೆ, ನಾನು ತಿನ್ನಬಹುದಾ ಎಂದು ಕೇಳಿದಳು. ತಿನ್ನು ಎಂದೆ. ಗೆದ್ದರೆ ಅಮ್ಮನಿಗೆ ಮೊದಲು ನಾನೇ ಫೋನು ಮಾಡುತ್ತೇನೆ, ನೀವು ಮಾಡಬಾರದು ಎಂದಳು. ಆ ಒಂದು ರಾತ್ರಿಯ ಮಟ್ಟಿಗೆ ನಾನು ಅಂದುಕೊಂಡದ್ದೆಲ್ಲ ನಡೆದಿತ್ತು.

ಎರಡನೆಯ ದಿನ ಹಾಗಿರಲಿಲ್ಲ. ಅಂಬಲಪ್ಪುಳ, ಹರಿಪ್ಪಾಡ್, ಕಾಯಂಕುಳಂ. ರಸ್ತೆಯ ಕೆಲಸ ನಡೆಯುತ್ತಿದ್ದ ಕಡೆ ಜಲ್ಲಿಯ ಮೇಲೆ ಅವಳ ತೆಳ್ಳಗಿನ ಟಯರು ಎರಡು ಸಲ ಪಂಕ್ಚರ್ ಆಯಿತು. ದಣಿದಾಗ ಬಾಯಿಗೆ ಬರುವುದು ಬಾಯಿಗೆ ಅಭ್ಯಾಸವಾದ ಮಾತೇ ತಾನೆ? ನೀರು ಕೇಳುವಾಗ ಒಂದು ಮಲಯಾಳಂ ಮಾತು, ಲಾರಿ ಬಂತೆಂದು ಕೂಗುವಾಗ ಒಂದು, ಪಂಕ್ಚರಿಗೆ ಬೈದುಕೊಳ್ಳುವಾಗ ಮೂರು. ನಾನು ಬಿಡಲಿಲ್ಲ. ಪಾತ್ರೆ ಹೋಯಿತು, ಅಕ್ಕಿ ಹೋಯಿತು, ಟೆಂಟಿನ ಕೋಲುಗಳು ಹೋದವು, ನನ್ನ ಬಟ್ಟೆಯ ಗಂಟೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಸೈಕಲ್ ಹಗುರಾಗಿ ಹೋಗುತ್ತಿತ್ತು. ಅವಳು ಹಿಂದೆ ಬೀಳುತ್ತಿದ್ದಳು. ಜಿಲ್ಲೆಗೇ ಮೊದಲಿಗಳು, ನಲವತ್ತಾರು ವರ್ಷದ ಅಪ್ಪನ ಹಿಂದೆ.

ಕಾಯಂಕುಳಂ ಆಚೆ ಅವಳು ಸೈಕಲ್ ನಿಲ್ಲಿಸಿ, "ಅಪ್ಪಾ, ಕಾಲು ನೋಯತ್ತೆ. ಸೋಮವಾರ ಓಡಿಸ್ಬೇಕು" ಎಂದಳು.

"ಹಾಗಾದ್ರೆ ಕನ್ನಡ ಮಾತಾಡು. ಸುಲಭ."

"ಮಾತಾಡ್ತಾ ಇಲ್ವಾ ನಾನು?" ಎಂದು ಕಿರುಚಿದಳು. ಮುಂದೆ ಕರುನಾಗಪ್ಪಳ್ಳಿಯವರೆಗೆ ನನ್ನ ಹಿಂದೆಯೇ ಪೆಡಲ್ ತುಳಿದಳು. ಅಲ್ಲೇ ಸಾಮಾನನ್ನೆಲ್ಲ ವಾಪಸು ತೆಗೆದುಕೊಂಡಿದ್ದರೆ ಆಗುತ್ತಿತ್ತು. ಹಠ ಬಿಡಲಿಲ್ಲ ನಾನು.

ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿ, ಒಂದು ಕಾಲುವೆಯನ್ನು ಜನ ಸಾಗಿಸುವ ಕಡತ್ತು ದೋಣಿಯಲ್ಲಿ ದಾಟಿದೆವು. ತಲಾ ಐವತ್ತು ಪೈಸೆ, ಸೈಕಲ್ಲಿಗೂ ಅಷ್ಟೇ. ಆಚೆ ದಡದಲ್ಲಿ ನೆಲ ಬಹಳ ಅಗಲವಿಲ್ಲ. ಈ ಕಡೆ ಕಾಲುವೆ, ಆ ಕಡೆ ಅರಬ್ಬಿ ಸಮುದ್ರ, ನಡುವೆ ತೆಂಗು ಮತ್ತು ಬೆಸ್ತರ ಮನೆಗಳು. ಸಮುದ್ರದ ಉದ್ದಕ್ಕೂ ಕರಿಕಲ್ಲಿನ ಗುಂಡುಗಳನ್ನು ಪೇರಿಸಿದ ಕಡಲ ಗೋಡೆ. ಒಂದು ಕಡೆ ಆ ಗೋಡೆ ಕುಸಿದು ಅಂತರ ಬಿದ್ದಿತ್ತು. ಅದರ ಒಳಬದಿಗೆ, ಒಂದು ತೋಟದ ಮುರುಕು ಬೇಲಿಯ ಪಕ್ಕದಲ್ಲಿ ಟೆಂಟು ಬಿಚ್ಚಿದೆವು. ಸೂರ್ಯ ಮುಳುಗುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಬಲೆ ಹೊತ್ತು ಮನೆಗೆ ಹೋಗುತ್ತಿದ್ದ ಒಬ್ಬ ಬೆಸ್ತ ನಿಂತ. ಐವತ್ತರ ಮೇಲಿನ ಆಸಾಮಿ. ನಮ್ಮ ಟೆಂಟನ್ನೂ ಸಮುದ್ರವನ್ನೂ ಒಮ್ಮೆ ನೋಡಿ ನನಗೆ ಹೇಳಿದ: "ಸಾರೇ, ಇನ್ನು ವಾವಾಣ್. ವೆಳುಪ್ಪಿನ್ ವೇಲಿಯೇಟ್ಟಂ ಉಂಡಾಕುಂ. ಸೂಕ್ಷಿಕ್ಕಣೇ." ಹೇಳುತ್ತ ಅಂಗೈಯನ್ನು ಕೆಳಗಿಂದ ಮೇಲಕ್ಕೆ ಎತ್ತಿ ತೋರಿಸಿದ.

ನನ್ನ ಸೂತ್ರಕ್ಕೆ ಆ ವಾಕ್ಯ ಬೀಗ ತೆಗೆದಂತೆ ತೆರೆದುಕೊಂಡಿತು. ಇನ್ನು ಎಂದರೆ ಇವತ್ತು, ಅದು ಗೊತ್ತೇ ಇತ್ತು. ವಾವು ಯಾವುದೋ ಹಬ್ಬ, ಆ ದಿನ ನಮ್ಮ ಲ್ಯಾಬಿನವರು ರಜೆ ಹಾಕುತ್ತಾರೆ. ವೆಳುಪ್ಪು ಎಂದರೆ ಬೆಳುಪು, ಅಂದರೆ ಬೆಳಗಿನ ಜಾವ. ವೇಲಿ ಎಂದರೆ ಬೇಲಿ. ಏಟ್ಟಂ ಎಂದರೆ ಏರುವುದು. ಹಬ್ಬದ ದಿನ, ಬೆಳಗಿನ ಜಾವ, ಬೇಲಿ ಏರಿ ಬರುತ್ತಾರೆ, ಹುಷಾರು! ಕಳ್ಳರು! ಅವನ ಕೈ ಕೂಡ ಏರುವುದನ್ನೇ ತೋರಿಸಿತಲ್ಲ. "ಶರಿ ಚೇಟ್ಟಾ, ಉಪಕಾರ" ಎಂದೆ. ಅವನು ತಲೆಯಾಡಿಸಿ ಹೋದ.

"ಎದ್ದೇಳು, ಟೆಂಟು ಜರುಗಿಸ್ಬೇಕು. ಬೇಲಿ ಹತ್ತಿರ ಬೇಡ. ಗೋಡೆ ಆಚೆ ಮರಳು ದಿಬ್ಬ ಇದೆಯಲ್ಲ, ಅಲ್ಲಿ ಹಾಕೋಣ, ಎತ್ತರವಾಗಿದೆ" ಎಂದೆ ಸುಮಾಳಿಗೆ. ಅಲ್ಲಾದರೆ ನಾಲ್ಕೂ ಕಡೆ ಬಯಲು, ಯಾರು ಬಂದರೂ ಕಾಣುತ್ತದೆ ಎಂದು ನನ್ನ ಲೆಕ್ಕ.

ಅವಳು ನನ್ನನ್ನೇ ನೋಡಿದಳು. "ಅಪ್ಪಾ, ಅದಲ್ಲ... ವೇಲಿಯೇಟ್ಟಂ ಎನ್ನು ವೆಚ್ಚಾಲ್..."

ವೇಲಿಯೇಟ್ಟಂ ಅಂದರೆ ಏನೆಂದು ಹೇಳಲು ಬಾಯಿ ತೆರೆದಿದ್ದಳು. ನಾನು ಕೈ ಎತ್ತಿ ತಡೆದೆ. "ಮಲಯಾಳಂ! ಪಂಪು ನಿನ್ನ ಚೀಲಕ್ಕೆ." ಗಾಳಿ ಹೊಡೆಯುವ ಪಂಪು ತೆಗೆದು ಅವಳ ಕೈಗೆ ಕೊಟ್ಟೇಬಿಟ್ಟೆ. ನಗುತ್ತಲೇ ಕೊಟ್ಟೆ, ರಾಜಿಯಾಗೋಣ ಅಂತ.

ಅವಳು ಪಂಪು ಹಿಡಿದು ಒಂದು ಕ್ಷಣ ನಿಂತಳು. ಕನ್ನಡದಲ್ಲಿ ಅದಕ್ಕೆ ಮಾತು ಹುಡುಕುತ್ತಿದ್ದಳೇನೋ. ಆಮೇಲೆ "ಏನಿಲ್ಲ ಬಿಡಿ" ಎಂದು ಪಂಪನ್ನು ಚೀಲಕ್ಕೆ ತುರುಕಿದಳು. ಟೆಂಟನ್ನು ಗೋಡೆಯ ಆಚೆ, ಸಮುದ್ರದ ಕಡೆಯ ದಿಬ್ಬದ ಮೇಲೆ ಹಾಕಿದೆವು. ಅವಳ ಚೀಲಗಳು ಹೊಟ್ಟೆ ಬಿರಿಯುವಂತಾಗಿದ್ದವು. ಟೆಂಟಿನೊಳಗೆ ಅದಕ್ಕೆಲ್ಲ ಜಾಗವಿಲ್ಲವೆಂದು ಅಡುಗೆಗೆ ಬೇಕಾದಷ್ಟು ಮಾತ್ರ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟು ಸೈಕಲ್‌ಗಳನ್ನು ಕಡಲ ಗೋಡೆಯ ಕಲ್ಲುಗಳಿಗೆ ಒರಗಿಸಿದೆವು. ಉಪ್ಪಿಟ್ಟು ಮಾಡಿದೆ. ಅವಳು ಅರ್ಧ ತಿಂದು ಮಲಗಿದಳು. ಅಮಾವಾಸ್ಯೆಯ ಕತ್ತಲೆ. ನಾನು ಕಳ್ಳರಿಗಾಗಿ ಬೇಲಿಯ ಕಡೆ ಕಿವಿಗೊಟ್ಟು ಬಹಳ ಹೊತ್ತು ಎಚ್ಚರವಿದ್ದೆ.

ಬೆಳಗಿನ ಜಾವ ಬೆನ್ನಿಗೆ ತಣ್ಣಗಾಗಿ ಎಚ್ಚರವಾಯಿತು. ಕೆಳಗಿನ ಬಟ್ಟೆ ಅಲ್ಲಾಡುತ್ತಿತ್ತು. ಏನೆಂದು ತಿಳಿಯುವ ಮುಂಚೆಯೇ ಟೆಂಟು ಒಂದು ಪಕ್ಕಕ್ಕೆ ಜಾರಿತು. ಆ ತೆಳ್ಳಗಿನ ಗೂಟಗಳು ಒದ್ದೆ ಮರಳಿನಿಂದ ಕಿತ್ತು ಬಂದಿದ್ದವು. ಜಿಪ್ಪು ಎಳೆದು ಹೊರಬಿದ್ದೆವು. ನೀರು ಮೊಣಕಾಲಿನವರೆಗೆ. ದಿಬ್ಬವೆಂದು ನಾನು ನಂಬಿದ್ದದ್ದು ಕಾಣಿಸುತ್ತಲೇ ಇರಲಿಲ್ಲ. ಪೆನ್ ಟಾರ್ಚು ಒತ್ತಿದರೆ ನನ್ನ ಕೈಯಷ್ಟೇ ಕಂಡಿತು.

ಆಗ ನಾನು ಏನು ಮಾಡಿದೆ ಎಂದು ಬರೆಯಲೇಬೇಕು. ನಾನು ಸಾಮಾನು ಆರಿಸಿದೆ. ಮೊದಲು ಕೈ ಹಾಕಿದ್ದು ಸ್ಟೌಗೆ. ಆಮೇಲೆ ತೇಲಿಹೋಗುತ್ತಿದ್ದ ಸ್ಲೀಪಿಂಗ್ ಬ್ಯಾಗು ಹಿಡಿಯಲು ಓಡಿದೆ. ಮಗಳ ಕೈ ಹಿಡಿಯಲಿಲ್ಲ.

"ಅಪ್ಪಾ, ಸೈಕಲ್!" ಎಂದು ಕೂಗಿ ಸುಮಾ ಗೋಡೆಯ ಕಡೆ ಓಡಿದಳು. ಅವಳಿಗಿದ್ದದ್ದು ಅದೊಂದೇ ಸೈಕಲ್, ಇದ್ದದ್ದು ಒಂದೇ ಸೋಮವಾರ. ಸೈಕಲ್ಲಿನ ಹಿಡಿಗೆ ಕೈ ಹಾಕಿದಾಗ ಮುಂದಿನ ಅಲೆ ಬಂತು. ಅವಳ ಎಡಗಾಲು ಎರಡು ಕಲ್ಲುಗಳ ಸಂದಿಗೆ ಇಳಿಯಿತು. ಅಲೆ ಎತ್ತಿದ ಸೈಕಲ್, ತುಂಬಿದ ಚೀಲಗಳ ಸಮೇತ, ಆ ಕಾಲಿನ ಮೇಲೆ ಅಡ್ಡ ಬಿತ್ತು. ಸದ್ದು ನನಗೆ ಕೇಳಿಸಿತು. ಅವಳು "ಕಾಲ್, ಕಾಲ್" ಎಂದು ಚೀರಿದಳು. ಎರಡೂ ಭಾಷೆಗೆ ಅದು ಒಂದೇ ಮಾತು.

ನಾನು ಹೋಗಿ ಸೈಕಲ್ ಎತ್ತಲು ನೋಡಿದೆ. ಏಳಲಿಲ್ಲ. ಅಕ್ಕಿ, ಪಾತ್ರೆ, ನನ್ನ ಬಟ್ಟೆ ಎಲ್ಲ ನೀರು ಕುಡಿದು ಕಲ್ಲಾಗಿದ್ದವು. ಕತ್ತಲಲ್ಲಿ ಚೀಲದ ಗಂಟು ಬಿಚ್ಚಲು ಬರಲಿಲ್ಲ, ಚಾಕು ಎಲ್ಲಿದೆಯೋ ಗೊತ್ತಿರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದೆ. ಅಷ್ಟರಲ್ಲಿ ಚೀರಾಟ ಕೇಳಿ ಮನೆಗಳಿಂದ ಜನ ಲಾಟೀನು ಹಿಡಿದು ಓಡಿ ಬಂದರು. ನಾಲ್ಕು ಜನ ಸೈಕಲ್ ಎತ್ತಿ ಎಸೆದರು, ಒಬ್ಬ ಕಲ್ಲು ಸರಿಸಿದ, ಅವಳನ್ನು ನಮ್ಮ ಟೆಂಟಿನ ಬಟ್ಟೆಯಲ್ಲೇ ಮಲಗಿಸಿ ನಾಲ್ಕು ಮೂಲೆ ಹಿಡಿದು ಎತ್ತಿದರು. ಲಾಟೀನು ಹಿಡಿದವನು ಸಂಜೆಯ ಆ ಬೆಸ್ತನೇ.

"ವೇಲಿಯೇಟ್ಟಂ ಎನ್ನು ಞಾನ್ ಪರಞ್ಞದಲ್ಲೇ ಸಾರೇ?" ಎಂದ. ನಾನು ಹೇಳಿದ್ದೆನಲ್ಲ ಸಾರ್, ಎಂದು. ಬೈಯುವ ದನಿಯಲ್ಲ, ಅಳುವ ದನಿ. ಕೈಯನ್ನು ನೀರಿನ ಕಡೆ ಚಾಚಿ, ಸಂಜೆಯ ಹಾಗೆಯೇ ಕೆಳಗಿಂದ ಮೇಲಕ್ಕೆ ಎತ್ತಿದ. ಏರುವುದು ಕಳ್ಳರಲ್ಲ, ಸಮುದ್ರ. ಅದು ಆಗ ನನ್ನ ಮಂಕು ತಲೆಗೆ ಹೊಳೆಯಿತು.

ಕಾಲುವೆ ದಾಟಲು ಮತ್ತೆ ಅದೇ ದೋಣಿ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಚೆ ದಡದಿಂದ ಯಾರದೋ ಜೀಪಿನಲ್ಲಿ ಕೊಲ್ಲಂ ಆಸ್ಪತ್ರೆಗೆ ಹೋದೆವು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದಿತ್ತು, ಕೀಲಿನ ಹತ್ತಿರ ಚೂರಾಗಿತ್ತು. ಆಪರೇಶನ್ ಬೇಕು, ತಿರುವನಂತಪುರಕ್ಕೆ ಹೋಗಿ ಎಂದರು. ಅಂಬಾಸಿಡರ್ ಕಾರಿನಲ್ಲಿ ಎಪ್ಪತ್ತು ಕಿಲೋಮೀಟರ್, ರಸ್ತೆಯ ಒಂದೊಂದು ಗುಂಡಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಭಾನುವಾರ ಮಧ್ಯಾಹ್ನ ತಿರುವನಂತಪುರ ತಲುಪಿದೆವು. ನಾನು ಹಾಕಿದ ಲೆಕ್ಕಕ್ಕಿಂತ ನಾಲ್ಕು ಗಂಟೆ ಮೊದಲೇ.

ಆ ಊರಿನಲ್ಲಿ ನನಗೆ ಗೊತ್ತಿದ್ದವರು ಪಟ್ಟಂ ಬಡಾವಣೆಯ ಶಂಕರ ಭಟ್ಟರೊಬ್ಬರೇ. ಕಾಸರಗೋಡಿನವರು, ಸರ್ಕಾರಿ ಕಚೇರಿಯಲ್ಲಿ ಕೆಲಸ. ಫೋನು ಮಾಡಿದ ಅರ್ಧ ಗಂಟೆಯಲ್ಲಿ ಆಟೋದಲ್ಲಿ ಬಂದರು. ಪದ್ಮಾಳಿಗೆ ಅವರೇ ಸುದ್ದಿ ತಿಳಿಸಿದರು, ನನಗೆ ಧೈರ್ಯವಾಗಲಿಲ್ಲ. ಅವಳು ಅದೇ ರಾತ್ರಿಯ ರೈಲಿಗೆ ಹೊರಟಳು. ಆಪರೇಶನ್ ಥಿಯೇಟರಿನ ಹೊರಗೆ ಬೆಂಚಿನಲ್ಲಿ ಕೂತು ನಾನು ಭಟ್ಟರಿಗೆ ಎಲ್ಲ ಹೇಳಿದೆ.

"ವೇಲಿಯೇಟ್ಟ ಅಂದ್ರೆ ಉಬ್ಬರ ಮಾರಾಯ್ರೆ!" ಎಂದರು ಅವರು. "ಉಬ್ಬರ ಇಳಿತ ಅಂತ ನಾವು ಹೇಳುದಿಲ್ವಾ? ವಾವು ಅಂದ್ರೆ ಅಮಾವಾಸ್ಯೆ. ಅವತ್ತು ಕಡಲು ಜಾಸ್ತಿ ಏರ್ತದೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಎಂತ ಮಾಡಿಬಿಟ್ರಿ ನೀವು?"

ಉಬ್ಬರ. ಪುಸ್ತಕದಲ್ಲಿ ಓದಿದ್ದ ಮಾತು. ಮೈಸೂರಿನ ಕಡೆಯವನು ನಾನು, ಒಮ್ಮೆಯೂ ಅದನ್ನು ಬಾಯಿಬಿಟ್ಟು ಆಡಿದವನಲ್ಲ. ಮಗಳಿಗೆ ಹೇಳಿಕೊಟ್ಟವನೂ ಅಲ್ಲ. ನಾನು ಕಲಿಸದೇ ಇದ್ದ ಮಾತನ್ನು ಅವಳು ಎಲ್ಲಿಂದ ತರಬೇಕಿತ್ತು?

ಸೋಮವಾರ ಬೆಳಿಗ್ಗೆ ಟ್ರಯಲ್ ನಡೆಯಿತು. ಆ ಹೊತ್ತಿನಲ್ಲಿ ಸುಮಾ ಗೋಡೆಯ ಗಡಿಯಾರ ನೋಡುತ್ತ ಮಲಗಿದ್ದಳು. ಎಂಟೂವರೆಗೆ "ಈಗ ವಾರ್ಮ್ ಅಪ್" ಎಂದಳು. ಒಂಬತ್ತೂಕಾಲಿಗೆ ಕಣ್ಣು ಮುಚ್ಚಿಕೊಂಡಳು. ಪದ್ಮಾ ಅವಳ ತಲೆ ನೇವರಿಸುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಟ್ರಯಲ್ ಮುಗಿಸಿಕೊಂಡು ಪಿ.ಟಿ. ಟೀಚರು ಬಂದು ಮಂಚದ ತುದಿಯಲ್ಲಿ ಕೂತರು. ಮೊದಲು ಬಂದ ಹುಡುಗಿ ಯಾರು, ಟೈಮಿಂಗ್ ಎಷ್ಟು ಎಂದು ಸುಮಾ ಕೇಳಿದಳು. ಟೀಚರು ಹೇಳಿದರು. ಅದಕ್ಕಿಂತ ಕಡಿಮೆ ಸಮಯದಲ್ಲಿ ಸುಮಾ ಆ ದೂರವನ್ನು ಎಷ್ಟು ಸಲ ಮುಗಿಸಿದ್ದಳೋ, ಸ್ಟಾಪ್‌ವಾಚು ಹಿಡಿದು ನಿಂತಿದ್ದ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಗೋಡೆಯ ಕಡೆ ತಿರುಗಿದಳು. ನಡೆಯುವುದಕ್ಕೆ ತೊಂದರೆಯಾಗಲಾರದು, ರೇಸು ಮಾತ್ರ ಮರೆತುಬಿಡಿ ಎಂದು ಡಾಕ್ಟರು ಹೊರಗೆ ಕರೆದು ನನಗೆ ಆಗಲೇ ಹೇಳಿದ್ದರು.

ನಾಲ್ಕನೆಯ ದಿನ, ಪದ್ಮಾ ಕೆಳಗೆ ಕಾಫಿ ತರಲು ಹೋಗಿದ್ದಾಗ, ತಡೆಯಲಾರದೆ ಕೇಳಿದೆ: "ಪುಟ್ಟಿ, ನಿಂಗೆ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ" ಎಂದಳು. "ಪಂಪು ಕೊಟ್ರಿ."

"ದಿಬ್ಬ ಎತ್ತರ ಅಂದ್ರಲ್ಲ. ಅಪ್ಪಂಗೆ ಗೊತ್ತಾಗಿದೆ ಅಂದ್ಕೊಂಡೆ" ಎಂದೂ ಸೇರಿಸಿದಳು. ಅದು ಅವಳ ಒಳ್ಳೆಯತನ.

ಹದಿನಾಲ್ಕನೆಯ ದಿನ ಬಿಟ್ಟುಕಳಿಸಿದರು. ಪದ್ಮಾ ಮನೆ ಸಜ್ಜು ಮಾಡಲು ಮುಂಚೆಯೇ ಹೋಗಿದ್ದಳು. ಬೆಸ್ತರು ಉಳಿಸಿ ಕಳಿಸಿದ್ದ ಸಾಮಾನೆಲ್ಲ ಭಟ್ಟರ ಮನೆಯಲ್ಲಿತ್ತು. ಅವರು ಟೆಂಟಿನ ಗಂಟನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಇದಕ್ಕೆ ತೂಕವೇ ಇಲ್ವಲ್ಲ ಮಾರಾಯ್ರೆ. ಇಟ್ಕೊಳ್ಳಲಾ, ಕಳಿಸ್ಲಾ?" ಎಂದು ಕೇಳಿದರು. ಯಾರಿಗಾದರೂ ಕೊಟ್ಟುಬಿಡಿ ಎಂದೆ.

ರೈಲಿನಲ್ಲಿ ಸುಮಾಳಿಗೆ ಕಿಟಕಿಯ ಪಕ್ಕ ಜಾಗ ಮಾಡಿ, ಪ್ಲಾಸ್ಟರ್ ಹಾಕಿದ ಕಾಲನ್ನು ಎದುರಿನ ಸೀಟಿನ ಮೇಲೆ ಚಾಚಿಸಿದೆ. ಆ ಸೀಟಿನಲ್ಲಿದ್ದ ಹೆಂಗಸು ತಾನಾಗಿಯೇ ಸರಿದು ಜಾಗ ಕೊಟ್ಟರು. ಕೊಲ್ಲಂನಲ್ಲಿ ಇಳಿಯುವವರಂತೆ, ಟೀಚರಮ್ಮನ ಹಾಗಿದ್ದರು. ವರ್ಕಲ ದಾಟಿದ ಮೇಲೆ ಅವರು ಸುಮಾಳನ್ನು ಕೇಳಿದರು, "ಎಂದು ಪಟ್ಟಿ ಮೋಳೇ?" ಏನಾಯಿತು ಮಗಳೇ ಎಂದು.

ಸುಮಾ ಹೇಳತೊಡಗಿದಳು. ಎರಡು ವಾರದಿಂದ ಅವಳ ಬಾಯಿಂದ ನಾನು ಇಷ್ಟು ಮಾತು ಕೇಳಿರಲಿಲ್ಲ. ಅಮಾವಾಸ್ಯೆ, ಗೋಡೆ, ಸೈಕಲ್, ಸೋಮವಾರದ ಟ್ರಯಲ್, ಎಲ್ಲ ಮಲಯಾಳಂನಲ್ಲಿ, ಎಲ್ಲೂ ತಡವರಿಸದೆ. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನನ್ನ ಮಗಳು! ಹನ್ನೊಂದು ವರ್ಷದಲ್ಲಿ ನಾನು ಅದನ್ನು ಕಿವಿಗೊಟ್ಟು ಕೇಳಿರಲೇ ಇಲ್ಲ. ನಿಯಮದ ವಿಷಯ ಅವಳು ಹೇಳಲಿಲ್ಲ. ಪಂಪಿನ ವಿಷಯವನ್ನೂ ಹೇಳಲಿಲ್ಲ. ಬೆಸ್ತ ಎಚ್ಚರಿಸಿದ್ದನ್ನು ಮಾತ್ರ ಹೇಳಿದಳು.

ಆ ಹೆಂಗಸು ಹುಬ್ಬೇರಿಸಿ ನನ್ನ ಕಡೆ ನೋಡಿದರು. "ಅಚ್ಛನು ಮನಸ್ಸಿಲಾಯಿಲ್ಲೇ?" ನಿನ್ನ ಅಪ್ಪನಿಗೆ ಅರ್ಥವಾಗಲಿಲ್ಲವೇ?

ಸುಮಾ ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದಳು, "ಅಚ್ಛನು ಮಲಯಾಳಂ ಅರಿಯಿಲ್ಲ." ಅಪ್ಪನಿಗೆ ಮಲಯಾಳಂ ಬರುವುದಿಲ್ಲ.

"ಪಾವಂ" ಎಂದರು ಆ ಹೆಂಗಸು. ಪಾಪ, ಎಂದು. ನನ್ನ ಕಡೆ ನೋಡಿ ಕನಿಕರದಿಂದ ನಕ್ಕರು. ನಾನೂ ಒಂದು ಮಾತೂ ಅರ್ಥವಾಗದವನ ಹಾಗೆ ನಕ್ಕೆ.